ಅರವತ್ತೊಂದನೆಯ ಕೈ

ನೀಲಾಂಬಿಕೆಯ ಅಜ್ಜಿಗೆ ದುಗ್ಧರಸ ಎಂಬ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಕತೆಯನ್ನು ಹೀಗೆ ಶುರು ಮಾಡುತ್ತಿದ್ದಳು: ಮೈಯೆಂಬ ಅರಮನೆಗೆ ಇಬ್ಬರು ಸೊಸೆಯರು. ಹಿರಿಸೊಸೆ ರಕ್ತ. ಅವಳು ಹೊರಟರೆ ಮುಂದೆ ಡೊಳ್ಳು, ಹಿಂದೆ ಪಲ್ಲಕ್ಕಿ; ಹೃದಯವೆಂಬ ಮಾವ ತಾನೇ ನಿಂತು ಅವಳನ್ನು ಬೀದಿಬೀದಿಗೆ ಕಳಿಸುತ್ತಿದ್ದ. ಕಿರಿಸೊಸೆ ದುಗ್ಧರಸ. ಅವಳಿಗೆ ಡೊಳ್ಳಿಲ್ಲ, ಪಲ್ಲಕ್ಕಿಯಿಲ್ಲ, ಹಿಂದಿನಿಂದ ನೂಕುವ ಮಾವನೂ ಇಲ್ಲ. ಹಿರಿಯಳು ದಾರಿಯುದ್ದಕ್ಕೂ ಚೆಲ್ಲಿಹೋದ ನೀರನ್ನು ಹಿತ್ತಲ ಓಣಿಗಳಲ್ಲಿ ಬಳಿದು, ಕೊಡ ತುಂಬಿ, ಬರಿಗಾಲಲ್ಲಿ ಏರು ಹತ್ತಿ ಅರಮನೆಗೆ ತಂದು ಸುರಿಯುವುದು ಅವಳ ಪಾಲಿನ ಕೆಲಸ. ಯಾರಾದರೂ ದಾರಿಗೆ ಅಡ್ಡ ಒಂದು ಕಾಲು ಚಾಚಿದರೆ ಸಾಕು, ಪಾಪದವಳು ನಿಂತುಬಿಡುತ್ತಿದ್ದಳು. ಅವಳು ನಿಂತ ಓಣಿಯಲ್ಲಿ ನೀರು ಮಡುಗಟ್ಟಿ, ಗೋಡೆ ಉಬ್ಬಿ, ಮೂಲೆಮೂಲೆಗೆ ಕೊಳೆ ಸೇರುತ್ತಿತ್ತು.

ಈ ಕತೆಯನ್ನು ನೀಲಾ ಇನ್ನೂರ ಹನ್ನೆರಡು ಹೆಂಗಸರಿಗೆ ಹೇಳಿದ್ದಳು. ಹೇಳಿ ಹೇಳಿ ನಾಲಿಗೆ ಸವೆದಿತ್ತು. ಅವರೆಲ್ಲ ಎದೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಬೇನೆಯ ಜೊತೆಗೆ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದಿದ್ದರಿಂದ ಕಿರಿಸೊಸೆಯ ದಾರಿಯೇ ಮುಚ್ಚಿಹೋಗಿ, ಆ ಬದಿಯ ಕೈ ಊದಿ ಒನಕೆಯಂತಾಗಿತ್ತು. ನೀಲಾ ಕೆಲಸ ಮಾಡುತ್ತಿದ್ದ ಧಾರವಾಡದ ಸಂಶೋಧನಾ ಕೇಂದ್ರ ಅವರಿಗೆಂದೇ ‘ತೊರೆನೂಲು’ ಮಾಡಿತ್ತು. ಕೂದಲಿನಷ್ಟು ತೆಳ್ಳಗಿನ ಹನ್ನೆರಡು ಕೊಳವೆಗಳು; ಮುಂಗೈಯಿಂದ ಹೆಗಲವರೆಗೆ ಚರ್ಮದ ಕೆಳಗೇ ಹಾಸಿಕೊಂಡು, ಮೈಯ ಬಿಸುಪನ್ನೇ ಉಂಡು, ಹುಳು ತೆವಳಿದಂತೆ ಮಿಡಿಯುತ್ತ ನೀರನ್ನು ಮೇಲಕ್ಕೆ ಸಾಗಿಸುತ್ತಿದ್ದವು. ಒಳಗೆ ಸಾಸಿವೆಗಿಂತ ಸಣ್ಣ ಕವಾಟಗಳು, ನೀರು ಹಿಂದಕ್ಕೆ ಜಾರದಂತೆ. ಕೊರಳ ಮೂಳೆಯ ಕೆಳಗೆ ಅಂಗಿ ಗುಂಡಿಯಷ್ಟಿದ್ದ ಒಂದು ಬಿಲ್ಲೆ ಆ ಮಿಡಿತಗಳನ್ನೆಲ್ಲ ಕಾವಲು ಕೋಣೆಗೆ ಕಳಿಸುತ್ತಿತ್ತು. ಕೋಣೆಯ ಗೋಡೆಯ ತುಂಬ ಇನ್ನೂರ ಹನ್ನೆರಡು ಕೈಗಳು ಹಸಿರು ಹೊಳೆಗಳಂತೆ ಹರಿಯುತ್ತಿದ್ದವು.

ಹರಿಯುತ್ತಿದ್ದವು ಎನ್ನುವುದು ಎರಡು ತಿಂಗಳ ಹಿಂದಿನ ಮಾತು. ಈಗ ಒಂದೊಂದಾಗಿ ಹಳದಿಯಾಗುತ್ತಿದ್ದವು. ನೂಲು ಹಾಕಿದ ಮೊದಲ ತಿಂಗಳು ಕೈ ಇಳಿಯುತ್ತಿತ್ತು, ಹೆಂಗಸರು ಹರಸುತ್ತಿದ್ದರು. ಆರನೆಯ ವಾರದ ಹೊತ್ತಿಗೆ ಎಲ್ಲೋ ಅಡ್ಡಿ ಬರುತ್ತಿತ್ತು. ನೂಲು ಮೂರು ಸಲ ಜೋರು ಮಾಡಿ ನೂಕಿ ನೋಡುತ್ತಿತ್ತು. ಆಗದಿದ್ದರೆ ತಾನೇ ಹರಿದುಹೋಗುವ ಭಯಕ್ಕೆ ಮುದುಡಿ ಸುಮ್ಮನಾಗುತ್ತಿತ್ತು. ಆಮೇಲೆ ಗಂಟೆಗೊಮ್ಮೆ, ಹತ್ತನೆಯ ನಿಮಿಷಕ್ಕೆ, ಎದ್ದು ಮಿಡಿದು ನೋಡಿ ಮತ್ತೆ ಮಲಗುತ್ತಿತ್ತು. ಅಷ್ಟರಲ್ಲಿ ಕೈ ಮೊದಲಿನಂತೆ ಊದುತ್ತಿತ್ತು.

ಆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನೀಲಾ ಕುರ್ಚಿ ಎಳೆದುಕೊಂಡು ಕೂರುವಾಗಲೇ ಅರವತ್ತೊಂದನೆಯ ಕೈ ಹಳದಿಯಾಯಿತು. ಅದರ ಕೆಳಗಿನ ಹೆಸರು ಓದಿ ಅವಳು ಹಣೆ ಒತ್ತಿಕೊಂಡಳು. ಗುರುಬಸವ್ವ ಚನ್ನವೀರಪ್ಪ ಹೊಂಬಳ, ಹೊಸಯಲ್ಲಾಪುರ. ಅವಳ ಅತ್ತೆ. ಬೆಳಿಗ್ಗೆಯಷ್ಟೇ ಚಹಾದ ಕಪ್ಪು ಕೈಗೆ ಕೊಡುತ್ತ, “ಕೈ ಒಂಚೂರು ಭಾರ ಅನ್ನಸ್ತೈತಿ, ಏನಿಲ್ಲ ಬಿಡು” ಎಂದಿದ್ದಳು. ಆ ‘ಏನಿಲ್ಲ ಬಿಡು’ ಎಂಬುದನ್ನು ಈ ಎರಡು ತಿಂಗಳಲ್ಲಿ ನೀಲಾ ಅರವತ್ತು ಬಾಯಲ್ಲಿ ಕೇಳಿದ್ದಳು.

ಕೇಂದ್ರದ ಮುಖ್ಯಸ್ಥ ಶ್ರೀಪಾದ ದೀಕ್ಷಿತರು ಹಿಂದೆ ಬಂದು ನಿಂತಿದ್ದರು. ತೊರೆನೂಲಿಗೆ ಹದಿನಾರು ವರ್ಷ ಕೊಟ್ಟ ಮನುಷ್ಯ. ಕಣ್ಣ ಕೆಳಗೆ ಎರಡು ಚೀಲ ಜೋತಿದ್ದವು.

“ಇವತ್ತು ನಾಲ್ಕಕ್ಕ ಬಂದ್ ಮಾಡಿಬಿಡೋಣು,” ಎಂದರು. “ಎಲ್ಲಾ. ಇನ್ನೂರ ಹನ್ನೆರಡೂ.”

“ಹಸಿರು ಇದ್ದದ್ದೂ?”

“ಅವೇನು ನಾಳೆ ಹಳದಿ ಆಗೋದಿಲ್ಲೇನು? ನೂಲಿನೊಳಗ ಕೊಳೆ ಕಟ್ಟಲಿಕ್ಕೆ ಹತ್ತೇದ, ನೀಲಾಂಬಿಕಾ. ಮೈ ಅದನ್ನ ಒಪ್ಪವಲ್ಲದು. ನಂಜು ಏರೋಕಿಂತ ಮೊದಲು ತಗದು ಹಾಕಬೇಕು.”

“ತಗದ್ರ ಮತ್ತ ಹಾಕಾಕ ಬರಂಗಿಲ್ಲಲ್ರಿ ಸರ್. ಚರ್ಮದ ಕೆಳಗ ಕಲೆ ಕಟ್ಟತೈತಿ.”

“ಗೊತ್ತದ,” ಎಂದರು ದೀಕ್ಷಿತರು. “ನೂಲು ಮಾಡಿದಾವ ನಾನ. ನಾಲ್ಕರ ಒಳಗ ಅರವತ್ತೊಂದು ಮಂದೀದೂ ತಾರೀಖು, ತಕರಾರು ಬರದು ಕೊಡ್ರಿ. ವರದಿಗೆ ಬೇಕು.”

ಹೀಗೆ ಅವಳ ಪಾಲಿಗೆ ಬಂದದ್ದು ಇಷ್ಟು: ನಾಲ್ಕು ಗಂಟೆಗೆ ಅತ್ತೆಯ ಕೈ ಆರಿಹೋಗುತ್ತದೆ, ಮತ್ತು ಅದರ ಮರಣಪತ್ರವನ್ನು ತಾನೇ ಬರೆಯಬೇಕು.

ಗುರುಬಸವ್ವನ ಎಡಗೈ ಊದಿದ್ದು ಆರು ವರ್ಷದ ಹಿಂದೆ. ರೊಟ್ಟಿ ಬಡಿಯುವುದು ನಿಂತಿತು. ಕುಬಸದ ತೋಳು ಬಿಚ್ಚಿ ಹೊಲಿಸಿದ್ದಾಯಿತು. ಎರಡು ಸಲ ಕೈ ಕೆಂಪಗೆ ಕೆಂಡವಾಗಿ, ಜ್ವರ ಬಂದು, ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ದಳು. ನೀರು ನಿಂತಲ್ಲಿ ಸಣ್ಣ ಗೀರಿನಿಂದಲೂ ನಂಜು ಹತ್ತುತ್ತದೆ. ಅದೆಲ್ಲವನ್ನೂ ಅವಳು ನುಂಗಿಕೊಂಡಿದ್ದಳು. ನುಂಗಲಾರದೆ ಹೋದದ್ದು ಒಂದೇ: ಊದಿದ ಆ ಕೈಗೆ ಬಳೆ ಏರುತ್ತಿರಲಿಲ್ಲ. ಓಣಿಯಲ್ಲಿ ಯಾರದಾದರೂ ಉಡಿ ತುಂಬುವಾಗ ಮೊದಲು ಕರೆಯುತ್ತಿದ್ದವರು ಆಮೇಲಾಮೇಲೆ ಕೊನೆಗೆ ಕರೆದರು, ಕೊನೆಗೊಮ್ಮೆ ಮರೆತರು. ‘ಅರ್ಧ ಮುತ್ತೈದಿ’ ಎಂದು ಒಬ್ಬಾಕೆ ಬಾವಿಕಟ್ಟೆಯ ಹತ್ತಿರ ಅಂದದ್ದು ಕಿವಿಗೂ ಬಿದ್ದಿತ್ತು.

ನೂಲು ಹಾಕಿ ಐದು ವಾರಕ್ಕೆ ಕೈ ಇಳಿಯಿತು. ಇಳಿದ ದಿನ ಅವಳು ಕನ್ನಡಿ ನೋಡಿಕೊಳ್ಳಲಿಲ್ಲ, ರೊಟ್ಟಿ ಬಡಿಯಲಿಲ್ಲ. ಬಳೆಗಾರ್ತಿ ಖಾಜಾಬಿಯನ್ನು ಕರೆಸಿದಳು. ಖಾಜಾಬಿ ಎಂದರೆ ಧಾರವಾಡ, ನವಲಗುಂದ, ಕುಂದಗೋಳದವರೆಗೆ ಹೆಸರಾದ ಕೈ. ಮುಂಗೈಯನ್ನು ಹಿಟ್ಟು ನಾದಿದಂತೆ ನಾದಿ, ಬೆರಳು ಮಡಿಸಿ, ಇದು ಹೋಗುವುದೇ ಇಲ್ಲ ಅನ್ನಿಸುವಂಥ ಬಳೆಯನ್ನು ಸರಕ್ಕನೆ ಏರಿಸುತ್ತಿದ್ದಳು. ಬಳೆ ಮೈಗಂಟಿ ಕೂತರೇ ಛಂದ, ಸಡಿಲ ಬಳೆ ಇಡುವವಳು ಬಳೆಗಾರ್ತಿಯೇ ಅಲ್ಲ ಎಂಬುದು ಅವಳ ಶಾಸ್ತ್ರ. ಬಲಗೈಯಲ್ಲಿದ್ದಂತೆ ಎಡಗೈಗೂ ಡಜನ್ ಹಸಿರು ಗಾಜಿನ ಬಳೆ. ಗುರುಬಸವ್ವ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ಕಾರಣವಿಲ್ಲದೆ ತಿರುಗಿದಳು. ಕಿಣಿಕಿಣಿ ಸದ್ದು ಕೇಳುತ್ತಿದ್ದ ನೀಲಾ ತೊರೆನೂಲಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದಳು.

ಈಗ ಅದೆಲ್ಲ ನೆನೆಯಲು ಹೊತ್ತಿರಲಿಲ್ಲ. ಅರವತ್ತು ಹೆಂಗಸರಿಗೆ ಕೊನೆಯ ಸಲ ಫೋನು ಮಾಡಬೇಕಿತ್ತು. ಮೊದಲನೆಯವಳು ನವಲಗುಂದದ ದ್ಯಾಮವ್ವ. ನೀಲಾ ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಬಾಯಿಪಾಠವಾದ ಪ್ರಶ್ನೆಪತ್ರವನ್ನು ಮತ್ತೆ ಎದುರಿಗಿಟ್ಟುಕೊಂಡಳು.

“ಕೈಗೆ ದಾರ ಏನರ ಕಟ್ಟೀರೇನ್ರಿ?”

“ಇಲ್ಲವಾ.”

“ಗಡಿಯಾರ?”

“ನನಗ್ಯಾತರ ಗಡಿಯಾರ. ಹೊತ್ತ ನೋಡೀನ ಅಡಗಿ ಮಾಡ್ತೀನಿ.”

“ಉಂಗುರ? ಬಂಗಾರದ ಪಾಟಲಿ?”

“ಪಾಟಲಿ ಮಗಳ ಮದಿವಿಗೆ ಹಾಕೀನಿ. ಉಂಗುರ ಕೈ ಊದಿದಾಗ ಬಿಚ್ಚಿದ್ದು.”

“ಬಿಗಿ ತೋಳಿನ ಕುಬಸ?”

“ಯವ್ವಾ, ಹೋದ ವಾರಾನೂ ಇದನ್ನ ಕೇಳಿದಿ, ಅದರ ಹಿಂದಿನ ವಾರಾನೂ ಕೇಳಿದಿ. ಸಾಲಿ ಮಾಸ್ತರಂಗ. ಕೈಮ್ಯಾಲ ಏನೂ ಇಲ್ಲ. ಸುಳ್ಳ ಯಾಕ ಹೇಳ್ಲಿ.”

ಹನ್ನೊಂದೂವರೆಯ ಹೊತ್ತಿಗೆ ಇಪ್ಪತ್ತು ಮಂದಿ ಹೀಗೆಯೇ ಹೇಳಿ ಮುಗಿಸಿದ್ದರು. ಏನೂ ಇಲ್ಲ. ಏನೂ ಇಲ್ಲ. ನೀಲಾಳಿಗೆ ಮೇಜಿಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಏನೂ ಇಲ್ಲದ ಕೈ ಏಕೆ ಊದುತ್ತದೆ? ಗೋಡೆಯ ಮೇಲೆ ಅರವತ್ತೊಂದು ಹಳದಿ ಹೊಳೆಗಳೂ ಒಂದೇ ಜಾಗದಲ್ಲಿ ನಿಂತಿದ್ದವು: ಮಣಿಕಟ್ಟಿನಿಂದ ಎರಡು ಬೆರಳು ಮೇಲೆ. ಕೊಳೆ ಕಟ್ಟುವುದಾದರೆ ಒಬ್ಬಳಿಗೆ ಮೊಣಕೈಯಲ್ಲಿ, ಇನ್ನೊಬ್ಬಳಿಗೆ ಹೆಗಲಲ್ಲಿ ಕಟ್ಟಬೇಕಲ್ಲವೆ? ಕೊಳೆಗೂ ಒಂದು ವಿಳಾಸವಿರುತ್ತದೆಯೆ?

ತಾರೀಖುಗಳಿಗಾಗಿ ಹಳೆಯ ಕರೆಗಳ ಧ್ವನಿಮುದ್ರಿಕೆ ತೆರೆದಳು. ಕೈ ಎಷ್ಟು ಏಳುತ್ತದೆಂದು ತಿಳಿಯಲು, ನೂಲು ಹಾಕಿದ ಕೈಯಲ್ಲೇ ಫೋನು ಹಿಡಿದು ಮಾತಾಡಬೇಕೆಂಬುದು ಕೇಂದ್ರದ ನಿಯಮ. ದ್ಯಾಮವ್ವನ ನಾಲ್ಕನೆಯ ವಾರದ ಕರೆ: ಕೈ ಹಗುರ ಆಗೇತಿ, ನಿನ್ನ ಹೊಟ್ಟಿ ತಣ್ಣಗಿರಲಿ. ಐದನೆಯ ವಾರದ್ದು: ಅದೇ ಧ್ವನಿ, ಅದೇ ಹರಕೆ, ಮಾತಿನ ನಡುನಡುವೆ ಕಿಣಿ ಕಿಣಿ ಎಂದು ಏನೋ. ಏಳನೆಯ ವಾರದ್ದು: ಭಾರ ಅನ್ನಸ್ತೈತಿ, ಏನಿಲ್ಲ ಬಿಡು. ಕಿಣಿಕಿಣಿ ಇಲ್ಲ.

ನೀಲಾ ಮುಂದಿನವಳ ಕರೆ ತೆರೆದಳು. ನಾಲ್ಕನೆಯ ವಾರ ಸದ್ದಿಲ್ಲ. ಆರನೆಯ ವಾರ ಕಿಣಿಕಿಣಿ. ಎಂಟನೆಯ ವಾರ ಸದ್ದಿಲ್ಲ. ಇನ್ನೊಬ್ಬಳದು. ಮತ್ತೊಬ್ಬಳದು. ಊದಿದ ಕೈ, ಬಳೆಯಿಲ್ಲ. ಇಳಿದ ಕೈ, ಬಳೆ. ಮತ್ತೆ ಊದಿದ ಕೈ, ಮಾಂಸದಲ್ಲಿ ಹೂತು ಒಂದಕ್ಕೊಂದು ತಾಗಲಾರದ ಬಳೆ.

ಅವಳು ಗಲ್ಲಕ್ಕೆ ಹಚ್ಚಿದ್ದ ಕೈಯನ್ನು ನಿಧಾನ ಕೆಳಗಿಳಿಸಿ ನೋಡಿಕೊಂಡಳು. ಆರು ಕೆಂಪು ಗಾಜಿನ ಬಳೆ. ಖಾಜಾಬಿಯೇ ಇಟ್ಟದ್ದು. ಒಂದನ್ನು ಸರಿಸಿದರೆ ಕೆಳಗೆ ಚರ್ಮದ ಮೇಲೆ ತೆಳ್ಳನೆಯ ಗೆರೆ. ಅವಳ ಕೈಗೆ ಅದರಿಂದ ಏನೂ ಆಗಿರಲಿಲ್ಲ. ಅವಳ ಮೈಯ ಕಿರಿಸೊಸೆಗೆ ನೂರು ಒಳದಾರಿಗಳಿದ್ದವು. ಆ ಹೆಂಗಸರ ಕೈಯಲ್ಲಿ ಇದ್ದದ್ದು ಹನ್ನೆರಡೇ ನೂಲು, ಹನ್ನೆರಡೂ ಚರ್ಮದ ಕೆಳಗೇ, ಬಳೆ ಒತ್ತುವಲ್ಲೇ.

ಅವಳು ಮೊದಲು ಬೈದುಕೊಂಡದ್ದು ತನ್ನನ್ನೇ. ಆಮೇಲೆ ಪ್ರಶ್ನೆಪತ್ರವನ್ನು. ಆಮೇಲೆ ಎದ್ದು ದೀಕ್ಷಿತರ ಕೋಣೆಗೆ ನಡೆದಳು.

“ಬಳಿ?” ಎಂದರು ದೀಕ್ಷಿತರು. “ಆಭರಣ, ಬಿಗಿ ವಸ್ತು ಏನೂ ಇರಬಾರದು ಅಂತ ಪತ್ರದಾಗ ಬರದೇವಲ್ಲ. ನೀವ ಓದಿ ಹೇಳೀರಿ.”

“ಹೇಳೀನ್ರಿ. ಅವರು ಇಲ್ಲ ಅಂದಾರ. ಖರೇನ ಅಂದಾರ. ಬಳಿ ಅಂದ್ರ ಅವರಿಗೆ ಕೈಮ್ಯಾಲಿನ ವಸ್ತು ಅಲ್ರಿ, ಅದು ಕೈನ. ಬಳಿ ಇಲ್ಲದ್ದಕ್ಕ ಬರಿಗೈ ಅಂತೀವಿ. ಬಳಿ ಇದ್ದ ಕೈಗೆ ಏನೂ ಇಲ್ಲ ಅಂತೀವಿ.”

“ಕವಿತಾ ಹೇಳಬ್ಯಾಡ್ರಿ ನನಗ.”

“ಪ್ರಯೋಗಾಲಯದ ಬಾಗಲಾ ನೋಡೀರೇನ್ರಿ? ‘ಕೈಮೇಲೆ ಯಾವ ವಸ್ತುವೂ ಇರಕೂಡದು’ ಅಂತ ಫಲಕ ಐತಿ. ಒಂಬತ್ತು ವರ್ಷ ಆತು, ಈ ಆರು ಬಳಿ ಹಾಕ್ಕೊಂಡ ಒಳಗ ಹೋಗ್ತೀನಿ, ಬರ್ತೀನಿ. ಕಾವಲುಗಾರ ಒಂದಿನ ತಡದಿಲ್ಲ. ನೀವೂ ತಡದಿಲ್ಲ. ನಾನೂ ತಡಕೊಂಡಿಲ್ಲ.”

ದೀಕ್ಷಿತರು ಅವಳ ಕೈ ನೋಡಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ನೋಡಿದಂತಿತ್ತು.

“ಮೊದಲನೇ ಪ್ರಯೋಗದಾಗ ನಲವತ್ತು ಮಂದಿ ಇದ್ರು. ಒಬ್ಬರದೂ ನಿಂತಿದ್ದಿಲ್ಲ.”

“ಅವ್ರು ಕರಾವಳಿ ಗಂಡಸರ್ರಿ ಸರ್. ಆನೆಕಾಲಿನವ್ರು. ಕಾಲಿಗೆ ಯಾರ ಬಳಿ ಇಡ್ತಾರ?”

ದೀಕ್ಷಿತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಊಹಾದ ಮ್ಯಾಲೆ ನಾ ಇನ್ನೂರ ಹನ್ನೆರಡು ಮಂದಿ ಜೀವಾ ಇಡಲಿಕ್ಕೆ ಆಗೂದಿಲ್ಲ. ಒಂದು ಕೈ ತೋರಸ್ರಿ. ಒಂದ. ನಾಲ್ಕರೊಳಗ ಬಳಿ ತಗದು, ನೂಲು ತಾನಾಗಿ ಎದ್ದದ್ದು ಗೋಡೆಮ್ಯಾಲೆ ಕಂಡ್ರ ನಾ ಬಂದ್ ಮಾಡೂದಿಲ್ಲ.”

ನಾಲ್ಕರೊಳಗೆ ಎಂದರೆ ಮೂರು ಹತ್ತರ ಮಿಡಿತ, ಅದೇ ಕೊನೆಯದು. ಯಾರ ಕೈ ಎಂದು ಯೋಚಿಸುವ ಗೋಜೂ ಇರಲಿಲ್ಲ. ಹೊಸಯಲ್ಲಾಪುರ ಕೇಂದ್ರದಿಂದ ಹದಿನೈದು ನಿಮಿಷದ ದಾರಿ. ಚಾಲಕನಿಲ್ಲದ ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತು, ಯಾರೂ ಹತ್ತದಿದ್ದರೂ ಬಾಗಿಲು ತೆರೆದು, ‘ನಿಧಾನವಾಗಿ ಇಳಿಯಿರಿ’ ಎಂದು ಖಾಲಿ ಗಾಳಿಗೆ ವಿನಂತಿಸುತ್ತಿತ್ತು. ನೀಲಾ ಹಲ್ಲು ಕಚ್ಚಿಕೊಂಡು ಕೂತಳು.

ಮನೆಯಲ್ಲಿ ಗುರುಬಸವ್ವ ಪಡಸಾಲೆಯ ಕಂಬಕ್ಕೊರಗಿ, ಎಡಗೈಯನ್ನು ಎರಡು ದಿಂಬಿನ ಮೇಲಿಟ್ಟುಕೊಂಡಿದ್ದಳು. ಮುಂಗೈ ಉಬ್ಬಿ ಬೆರಳುಗಳು ಬದನೆಕಾಯಿಯಂತೆ ಮಿರುಗುತ್ತಿದ್ದವು. ಬಳೆಗಳ ಆಚೀಚೆ ಚರ್ಮ ಏರಿ, ಬಳೆ ಕಾಣದಾಗಿ ಹಸಿರು ಗೆರೆಗಳಷ್ಟೇ ಉಳಿದಿದ್ದವು. ಗೆರೆಗಳ ಸುತ್ತ ಕೆಂಪು. ನೀಲಾ ಮುಟ್ಟಿ ನೋಡಿದಳು. ಬೆಚ್ಚಗಿತ್ತು.

ಕಿಟಕಿಯ ಹತ್ತಿರ ಮಾವ ಚನ್ನವೀರಪ್ಪ ಯಾರದೋ ಹಳೆಯ ಕೀಲಿ ಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದರೂ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆದಿರಲಿಲ್ಲ.

ನೀಲಾ ನಿಂತಲ್ಲೇ ಎಲ್ಲ ಹೇಳಿದಳು. ಕೇಳಿಸಿಕೊಂಡು ಗುರುಬಸವ್ವ ಸೆರಗನ್ನು ಎಡಗೈಯ ಮೇಲೆ ಎಳೆದುಕೊಂಡಳು.

“ಒಡೀಬೇಕು ಅಂತೀಯೇನು?”

“ಕೈ ಊದೇತ್ರಿ ಅತ್ತಿ, ಸಬಕಾರ ಹಚ್ಚಿದ್ರೂ ಹೊಳ್ಳಿ ಬರಂಗಿಲ್ಲ. ಒಡೀಬೇಕ.”

“ನಿಮ್ಮ ಮಾವ ಅಲ್ಲಿ ಗಟ್ಟಿ ಕುಂತಾರ. ಅವರ ಕಣ್ಣಮುಂದ ನನ್ನ ಬಳಿ ಒಡೀತಿ? ಯಾವಾಗ ಒಡೀತಾರ ಬಳಿ, ಗೊತ್ತೈತೇನು ನಿನಗ?”

“ಗೊತ್ತೈತ್ರಿ. ಆದ್ರ ಇದು ಅದಲ್ಲ.”

“ಗಾಜಿಗೆ ಏನ್ ಗೊತ್ತು, ಇದು ಅದು ಅಲ್ಲ ಅಂತ?”

ಒಂದೂವರೆ ಆಗಿತ್ತು. ಅವಳು ನೂಲಿನ ಲೆಕ್ಕ ಹೇಳಿದಳು, ಕವಾಟದ ಲೆಕ್ಕ ಹೇಳಿದಳು, ಕಿರಿಸೊಸೆಯ ಕತೆಯನ್ನು ಇನ್ನೂರ ಹದಿಮೂರನೆಯ ಸಲ ಹೇಳಿದಳು. ಗುರುಬಸವ್ವ ಗೋಡೆ ನೋಡುತ್ತ ಕೇಳಿದಳು.

“ಆರು ವರ್ಷ ಬರಿಗೈಲೆ ಅಡ್ಡಾಡೀನಿ,” ಎಂದಳು ಕೊನೆಗೆ. “ಸತ್ತವರ ಮನಿಗೆ ಕರದ್ರು, ಹಡದವರ ಮನಿಗೆ ಕರೀಲಿಲ್ಲ. ಸಾಕಾಗೇತಿ ನನಗ. ಕೈ ಹೋದ್ರ ಹೋಗಲಿ, ಬಳಿ ಇರಲಿ.”

“ಕೈ ಹೋದ ಮ್ಯಾಲೆ ಬಳಿ ಎಲ್ಲಿ ಇಟ್ಕೋತೀರಿ? ಗೂಟಕ್ಕ ತೂಗಹಾಕ್ತೀರೇನು?”

“ನೋಡ್ರಿ, ನಿಮ್ಮ ಸೊಸಿ ಹೆಂಗ ಮಾತಾಡ್ತಾಳ,” ಎಂದು ಗುರುಬಸವ್ವ ಗಂಡನ ಕಡೆ ದೂರಿದಳು.

ಚನ್ನವೀರಪ್ಪ ಭೂತಗನ್ನಡಿಯನ್ನು ಹಣೆಗೇರಿಸಿದರು. “ಗಡಿಯಾರ ನಿಂತ್ರ ನಾ ಮೊದಲ ಮುಳ್ಳ ನೋಡ್ತೀನಿ, ಏನರ ತಾಗೇತೇನ ಅಂತ. ಇಕಿ ಸಾಹೇಬ್ರು ಗಾಲಿ ಕಿತ್ತ ಒಗೀಲಿಕ್ಕೆ ಹೊಂಟಾರ. ನೀ ಮುಳ್ಳಿಗೆ ತಾಗಿದ್ದನ್ನ ದೇವರು ಮಾಡಿ ಕುಂತಿ. ಇಬ್ಬರದೂ ಒಂದ ಶಾಣ್ಯಾತನ.”

“ನಿಮ್ಮ ಆಯುಷ್ಯದ ಸಲುವಾಗಿನ ನಾ ಹಟ ಮಾಡಾಕ್ಹತ್ತೀನಿ.”

“ನನ್ನ ಆಯುಷ್ಯ ಆರು ವರ್ಷ ನಿನ್ನ ಎಡಗೈಯಾಗ ಇದ್ದಿದ್ದಿಲ್ಲ. ನಾ ಏನ್ ಸತ್ತಿದ್ನೇನು?”

“ಬಿಡ್ತು ಅನ್ರಿ.”

“ಬಿಡ್ತು. ಆದ್ರ ಆರು ವರ್ಷ ಸೊಸಿ ಬಡದ ರೊಟ್ಟಿ ತಿಂದೀನಿ ನೋಡು, ಅದರಾಗ ಸಾಯೋದು ಸ್ವಲ್ಪದಾಗ ತಪ್ಪೇತಿ.”

ನೀಲಾ ಮಾವನ ಕಡೆ ಕೆಂಗಣ್ಣು ಬಿಟ್ಟಳು. ಗುರುಬಸವ್ವನ ತುಟಿಯಂಚು ಮಾತ್ರ ಸ್ವಲ್ಪ ಸಡಿಲಾಯಿತು. ಅದನ್ನು ನೋಡಿ ನೀಲಾ ಮತ್ತೇನೂ ವಾದಿಸದೆ ಖಾಜಾಬಿಗೆ ಫೋನು ಹಚ್ಚಿದಳು.

ಖಾಜಾಬಿ ಬಂದದ್ದು ಎರಡೂವರೆಗೆ, ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡೇ. ಊದಿದ ಕೈ ನೋಡಿ ಅವಳು ನೆಲಕ್ಕೆ ಕುಕ್ಕರಿಸಿದಳು. ಕೇಂದ್ರದ ಯಾದಿಯಿಂದ ನೀಲಾ ಹೆಸರುಗಳನ್ನು ಓದುತ್ತ ಹೋದಳು: ದ್ಯಾಮವ್ವ, ಫಕೀರವ್ವ, ರುದ್ರವ್ವ, ಕುಂದಗೋಳದ ಶಾಂತಕ್ಕ. ಪ್ರತಿ ಹೆಸರಿಗೂ ಖಾಜಾಬಿ ತಲೆಯಾಡಿಸಿದಳು. “ನಾನ ಇಟ್ಟದ್ದು. ಅದೂ ನಾನ. ಅದು ನಮ್ಮ ತಂಗಿ ಇಟ್ಟದ್ದು.” ಹತ್ತು ಹೆಸರಾದ ಮೇಲೆ ಕೈಯೆತ್ತಿ ಸಾಕು ಎಂದಳು.

“ನನಗ ಹೇಳಬೇಕಿತ್ತಲ್ಲವಾ. ಒಂದು ಮಾತು. ಆಸ್ಪತ್ರ್ಯಾಗ ಇಷ್ಟು ಮಂದಿ ಡಾಕ್ಟರು, ಇಷ್ಟು ಮಂದಿ ಇಂಜಿನಿಯರು. ಬಳಿ ಇಡೋರನ್ನ ಒಬ್ಬರೂ ಕೇಳಲಿಲ್ಲಲ್ಲ.”

“ಕೇಳಬೇಕು ಅಂತ ಗೊತ್ತಾಗಲಿಲ್ಲ ಖಾಜವ್ವ,” ಎಂದಳು ನೀಲಾ. ದೊಡ್ಡ ವಿಜ್ಞಾನದ ಒಟ್ಟು ಸಾರಾಂಶವೇ ಅದೆನ್ನಿಸಿತು.

ಖಾಜಾಬಿ ಗುರುಬಸವ್ವನ ಎದುರು ಕೂತು, ಊದಿದ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. “ಅಕ್ಕ, ಇಟ್ಟ ಕೈನ ತಗೀತೈತಿ. ಬ್ಯಾರೆಯವ್ರ ಕೈ ಅಲ್ಲ. ನಿಮ್ಮ ಬಾಯಾಗ ಸಕ್ರಿ ಹಾಕಿ ತಗೀತೀನಿ, ಸೂತಕದ್ದು ಅಲ್ಲ ಅಂತ ಗಾಜಿಗೂ ಗೊತ್ತಾಗಲಿ. ಬಲಗೈಗೆ ಈಗ ಎರಡು ಹೆಚ್ಚಿಗಿ ಇಡ್ತೀನಿ. ಎಡಗೈ ಇಳಿದ ದಿನಾ ಬಂದು ಹಿರೇ ಅಳತಿಯ ಸಡ್ಲ ಬಳಿ ಇಡ್ತೀನಿ.” ಕೊನೆಯ ಮಾತು ಹೇಳುವಾಗ ಅವಳ ಮುಖ ಹುಳಿ ತಿಂದಂತಾಯಿತು. “ಸಡ್ಲ ಬಳಿ. ನನ್ನ ಕೈಲೆ. ನಮ್ಮಮ್ಮ ಕೇಳಿದ್ರ ಏನಂತಾಳೋ.”

ಗುರುಬಸವ್ವ ಹಸಿರು ಗೆರೆಗಳ ಮೇಲೆ ಬೆರಳಾಡಿಸುತ್ತ ಕೂತಳು. ಎರಡು ಐವತ್ತು. ಗಡಿಯಾರ ಬಿಚ್ಚುವ ಮನೆಯಲ್ಲಿ ಹೊತ್ತು ಎಷ್ಟು ಸದ್ದು ಮಾಡುತ್ತದೆಂದು ನೀಲಾಳಿಗೆ ಆ ದಿನ ಗೊತ್ತಾಯಿತು.

“ಅವರು ನನ್ನ ಮುಂದ ಬಂದು ಕುಂದ್ರಲಿ,” ಎಂದಳು ಗುರುಬಸವ್ವ. “ಒಂದೊಂದು ಬಳಿ ಒಡದಾಗ ಮಾತಾಡಬೇಕು. ನಾ ಕೇಳಬೇಕು.”

“ಏನ್ ಮಾತಾಡ್ಲಿ?”

“ಏನರ. ಇದ್ದೀರಿ ಅಂತ ಗೊತ್ತಾದ್ರ ಸಾಕು.”

ಚನ್ನವೀರಪ್ಪ ಕುರ್ಚಿ ತಂದು ಎದುರು ಹಾಕಿಕೊಂಡರು. ಸಕ್ಕರೆ ಬಾಯಿಗೆ ಬಿತ್ತು. ಬಲಗೈಗೆ ಎರಡು ಬಳೆ ಏರಿದವು. ಖಾಜಾಬಿ ಒದ್ದೆ ಬಟ್ಟೆ ಸುತ್ತಿ, ಸಣ್ಣ ಇಕ್ಕಳದಲ್ಲಿ ಮೊದಲ ಬಳೆಯನ್ನು ಹಿಡಿದು ಒತ್ತಿದಳು. ಟಕ್.

“ಇದ್ದೀನಿ,” ಎಂದರು ಚನ್ನವೀರಪ್ಪ.

ಟಕ್.

“ಇದ್ದೀನಿ. ಚಾ ಸಿಕ್ರ ಇನ್ನೂ ಛಲೋ ಇರ್ತೀನಿ.”

ಟಕ್.

“ಈ ಗಡಿಯಾರದ್ದು ಸ್ಪ್ರಿಂಗ್ ಹೋಗೇತಿ. ಗಿರಾಕಿ ನಾಳೆ ಬರ್ತಾನ. ಇದ್ದೀನಿ.”

ಗುರುಬಸವ್ವ ಕಣ್ಣು ಮುಚ್ಚಿಕೊಂಡಿದ್ದಳು. ಪ್ರತಿ ‘ಟಕ್’ಗೂ ಅವಳ ಮೈ ಸೆಟೆಯುತ್ತಿತ್ತು, ಪ್ರತಿ ‘ಇದ್ದೀನಿ’ಗೂ ಇಳಿಯುತ್ತಿತ್ತು. ನೀಲಾ ಗಾಜಿನ ಚೂರುಗಳನ್ನು ಒಂದು ತಟ್ಟೆಯಲ್ಲಿ ಆರಿಸಿಡುತ್ತ ಎಣಿಸಿದಳು. ಒಂಬತ್ತು. ಹತ್ತು. ಹನ್ನೊಂದು. ಚರ್ಮದಲ್ಲಿ ಆಳವಾದ ಹನ್ನೊಂದು ಬಿಳಿ ಕಾಲುವೆಗಳು.

ಹನ್ನೆರಡನೆಯದು ಟಕ್ ಎಂದಿತು. ಚನ್ನವೀರಪ್ಪ ಮಾತಾಡಲಿಲ್ಲ.

ಗುರುಬಸವ್ವ ಕಣ್ಣು ಬಿಡಲಿಲ್ಲ. ಬಲಗೈ ಮಾತ್ರ ಗಾಳಿಯಲ್ಲಿ ಏನನ್ನೋ ಹುಡುಕಿತು. “ಏನ್ರಿ,” ಎಂದಳು. ಉತ್ತರವಿಲ್ಲ. “ಏನ್ರಿ. ಏನ್ರಿ.”

“ತಡಿಯ, ಗಂಟಲ ಹಿಡದೈತಿ,” ಎಂದು ಚನ್ನವೀರಪ್ಪ ಜೋರಾಗಿ ಕೆಮ್ಮಿದರು. ಅವರ ಕಣ್ಣು ಒದ್ದೆಯಾಗಿತ್ತು. “ಇದ್ದೀನಿ ಮಾರಾಯ್ತಿ. ನೀ ಬಿಟ್ರಲ್ಲ ಹೋಗಾಕ.”

ಗುರುಬಸವ್ವ ಕಣ್ಣು ತೆರೆದು ಆತನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದಲ್ಲ.

ಗಂಟೆ ಮೂರು ಏಳು. ನೀಲಾ ದೀಕ್ಷಿತರಿಗೆ ಫೋನು ಹಚ್ಚಿ, ಗೋಡೆಯ ಚಿತ್ರವನ್ನು ತನ್ನ ಫೋನಿನಲ್ಲಿ ತೆರೆದು, ಅತ್ತೆಯ ಪಕ್ಕ ಕೂತಳು. ಮೂರು ಹತ್ತು. ಹಳದಿ ಹೊಳೆಯ ಬುಡದಲ್ಲಿ ಒಂದು ಚುಕ್ಕೆ ಕದಲಿತು. ಬಿಳಿ ಕಾಲುವೆಗಳಿದ್ದಲ್ಲಿಗೆ ಬಂದು ನಿಂತಿತು. ಒಳಗೆ ಚಪ್ಪಟೆಯಾಗಿ ಒತ್ತಿಹೋಗಿದ್ದ ನೂಲು ಒಮ್ಮೆಲೇ ಬಿಚ್ಚಿಕೊಳ್ಳುತ್ತದೆಯೆ? ಚುಕ್ಕೆ ಹಿಂಜರಿಯಿತು, ಮತ್ತೆ ನೂಕಿತು, ಮತ್ತೆ. ಮೂರನೆಯ ಸಲಕ್ಕೆ ಗೆರೆ ದಾಟಿ, ಮೊಣಕೈ ದಾಟಿ, ಹೆಗಲಿನವರೆಗೆ ಹಸಿರಾಯಿತು.

“ಒಳಗ ಇರಿವಿ ಹರದಂಗಾತು,” ಎಂದಳು ಗುರುಬಸವ್ವ.

ಫೋನಿನ ಆಚೆಯಿಂದ ದೀಕ್ಷಿತರೆಂದರು, “ಹದಿನಾರು ವರ್ಷ, ನೀಲಾಂಬಿಕಾ. ಕವಾಟ ಹಿಂಗಿರಬೇಕು, ಹಂಗಿರಬೇಕು ಅಂತ. ನಮ್ಮ ಮನಿಯಾಕಿ ದಿನಾ ಊಟಕ್ಕ ಬಡಸ್ತಾಳ. ಆಕಿ ಕೈಯಾಗ ಎಷ್ಟು ಬಳಿ ಅದಾವ ಅಂತ ಕೇಳಿದ್ರ ನಾ ಹೇಳಲಿಕ್ಕೆ ಆಗೂದಿಲ್ಲ.” ಸ್ವಲ್ಪ ತಡೆದು, “ನಾ ಬಂದ್ ಮಾಡೂದಿಲ್ಲ. ಆದ್ರ ಉಳಿದ ಅರವತ್ತು ಮಂದೀದು ಇವತ್ತ ತಗೀಬೇಕು. ಬಿಗಿ ಇರೂದು ಎಷ್ಟು ಹೊತ್ತು, ನಂಜು ಏರೂದು ಅಷ್ಟ ಹತ್ರ. ಇನ್ನು ಹಸಿರು ಇದ್ದವರಿಗೂ ಹೇಳಬೇಕು. ಎಲ್ಲಾರಿಗೂ ಫೋನ್ ಮಾಡ್ರಿ.”

ನೀಲಾ ಫೋನಿಟ್ಟು ಹಣೆ ಒತ್ತಿಕೊಂಡಳು. ಒಬ್ಬಳನ್ನು ಒಪ್ಪಿಸಲು ಮಧ್ಯಾಹ್ನವೆಲ್ಲ ಹಿಡಿದಿತ್ತು. ಇನ್ನು ಅರವತ್ತು. ಖಾಜಾಬಿಯನ್ನೂ, ಅವಳ ತಂಗಿಯನ್ನೂ, ತಂಗಿಯ ಸೊಸೆಯಂದಿರನ್ನೂ ಊರೂರಿಗೆ ಕಳಿಸಬಹುದು. ಆದರೆ ಬಾಗಿಲು ತೆರೆಯಬೇಕಲ್ಲ. ಅವಳು ದ್ಯಾಮವ್ವನ ನಂಬರು ಒತ್ತಿದಳು.

“ಮತ್ತ ನೀನ ಏನವಾ,” ಎಂದಳು ದ್ಯಾಮವ್ವ. “ಹೇಳೀನಲ್ಲ, ಕೈಮ್ಯಾಲ ಏನೂ ಇಲ್ಲ.”

“ಬಳಿ ಅದಾವೇನ್ರಿ?”

“ಅಯ್ಯ, ಬಳಿ ಇರಲಾರದಂಗ ಇರ್ತಾವೇನು. ಮುತ್ತೈದಿ ಅದೀನಿ.”

“ಅವನ್ನ ಒಡೀಬೇಕ್ರಿ.”

ದ್ಯಾಮವ್ವ, “ನಿನ್ನ ಬಾಯಿಗೆ ಬೆಂಕಿ ಬೀಳಲಿ,” ಎಂದು ಶುರು ಮಾಡಿದಳು.

ಗುರುಬಸವ್ವ ಬಲಗೈ ಚಾಚಿ ಫೋನು ಕಸಿದುಕೊಂಡಳು. ಹದಿನಾಲ್ಕು ಬಳೆ ಕಿಣಿಕಿಣಿ ಎಂದವು.

“ಯಾರವಾ, ದ್ಯಾಮವ್ವ ಏನು? ನಾ ಧಾರವಾಡದಾಕಿ, ಗುರುಬಸವ್ವ. ನಿನ್ನಂಗ ನೂಲು ಹಾಕ್ಕೊಂಡಾಕಿ. ಬೈಬ್ಯಾಡ, ನಮ್ಮ ಸೊಸಿ ಅಕಿ. ಬೈಯೋದು ನನಗಿರಲಿ. ನಾ ಈಗ ಒಡಸ್ಕೊಂಡೀನಿ. ಹನ್ನೆರಡೂ. ಖಾಜಾಬೀನ ಒಡದಾಳ. ಹೂಂ. ಹೂಂ. ಗೊತ್ತೈತವಾ, ನಂದೂ ಅದ ಅಂಜಿಕಿ ಇತ್ತು. ತಡಿ, ನೀನ ಕೇಳು.”

ಅವಳು ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದಳು.

“ಕೆಮ್ಮರಿ.”

ಚನ್ನವೀರಪ್ಪ ಕೆಮ್ಮಿದರು.

“ಕೇಳಿತಿಲ್ಲೋ? ಇದು ನಮ್ಮನಿಯವ್ರು. ಒಡದು ಅರ್ಧಾ ತಾಸಾತು. ಚಾ ಕುಡಿಯಾಕ್ಹತ್ತಾರ.” ಆಲಿಸಿದಳು. ಗಂಡನ ಕಡೆ ತಿರುಗಿದಳು. “ಇನ್ನೊಮ್ಮೆ ಕೆಮ್ಮಬೇಕಂತ. ಆಕೀಗೆ ನಂಬಿಕಿ ಬರವಲ್ದು.”

ಸಂಜೆ ಏಳರ ಹೊತ್ತಿಗೆ ಅರವತ್ತೂ ಮಂದಿಗೆ ಫೋನು ಮುಗಿದಿತ್ತು. ಕೆಮ್ಮಿ ಕೆಮ್ಮಿ ಗಂಟಲು ಒಡೆದು, ಚನ್ನವೀರಪ್ಪ ಅಡುಗೆಮನೆಯಲ್ಲಿ ಬಿಸಿನೀರಿಗೆ ಉಪ್ಪು ಹಾಕಿಕೊಂಡು ಮುಕ್ಕಳಿಸುತ್ತಿದ್ದರು. ನೀಲಾ ಪ್ರಶ್ನೆಪತ್ರದ ಕೊನೆಗೆ ‘ಬಳೆ’ ಎಂಬ ಸಾಲು ಸೇರಿಸಿ, ಅದರ ಎದುರಿನ ಖಾನೆಯಲ್ಲಿ ಏನು ಬರೆಯಬೇಕೆಂದು ತೋಚದೆ ಕೂತಿದ್ದಳು. ಫೋನಿನಲ್ಲಿ ಗೋಡೆಯ ಚಿತ್ರ ಒಂದೊಂದು ಗಂಟೆಯ ಹತ್ತನೆಯ ನಿಮಿಷಕ್ಕೂ ಅಲ್ಲಲ್ಲಿ ಹಸಿರಾಗುತ್ತಿತ್ತು.

“ಇನ್ನ ನೂರ ಐವತ್ತೊಂದು ಮಂದಿ ಅದಾರ್ರಿ,” ಎಂದಳು ಅತ್ತೆಗೆ. “ಹಸಿರು ಇದ್ದವರು. ನಾಳೆ ಅವರಿಗೆ ಮಾಡಬೇಕು.”

ಗುರುಬಸವ್ವ ತಿರುಗಿ ಅಡುಗೆಮನೆಯ ಕಡೆ ನೋಡಿದಳು.

“ಏನ್ರಿ,” ಎಂದು ಕೂಗಿದಳು. “ಆ ನೀರಿಗೆ ಒಂಚೂರು ಅರಿಶಿಣ ಹಾಕ್ಕೊಳ್ರಿ. ನಾಳಿಗೆ ಗಂಟಲ ಬೇಕು.”